ಸೆಕೆಂಡ್ ಹ್ಯಾಂಡ್ ಹಿಮಾಲಯನ್, ಎಕ್ಸ್‌ಪಲ್ಸ್ ತಗೊಳ್ಳುವ ಮುಂಚೆ ಎಲ್ಲೆಲ್ಲಿ ಕೈ ಹಾಕಿ ನೋಡಬೇಕು

ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳುವಾಗ ನಾವೆಲ್ಲ ಮಾಡುವುದು ಹೆಚ್ಚುಕಡಿಮೆ ಒಂದೇ. ಸ್ಟಾರ್ಟ್ ಮಾಡಿ ಸೌಂಡ್ ಕೇಳುತ್ತೇವೆ, ಮೀಟರ್ ನೋಡುತ್ತೇವೆ, ಒಂದು ರೌಂಡ್ ಹೊಡೆದು ಬಂದು ರೇಟು ಮಾತಾಡುತ್ತೇವೆ. ಸ್ಪ್ಲೆಂಡರಿಗೋ ಶೈನಿಗೋ ಬಹುತೇಕ ಅಷ್ಟು ಸಾಕು. ಆದರೆ ಟಾರ್ ರಸ್ತೆಗೂ ಸೈ, ಕಲ್ಲು ಮಣ್ಣಿಗೂ ಸೈ ಅನ್ನುವ ಡ್ಯುಯಲ್ ಸ್ಪೋರ್ಟ್ ಬೈಕಿಗೆ ಇದು ಸಾಲದು. ಮೀಟರಿನಲ್ಲಿ 15,000 ಕಿಲೋಮೀಟರ್ ಅಂತ ಇರುತ್ತದೆ. ಅದು ತುಮಕೂರು ಹೈವೇಯಲ್ಲಿ ಓಡಿದ್ದೋ, ಸಕಲೇಶಪುರದ ಕಾಫಿ ತೋಟದ ದಾರಿಯಲ್ಲಿ ಕೆಸರು ತುಳಿದು ಓಡಿದ್ದೋ ಅನ್ನುವುದನ್ನು ಮೀಟರ್ ಹೇಳುವುದಿಲ್ಲ. ಎರಡಕ್ಕೂ ಒಳಗಡೆ ಆಗುವ ಸವೆತದಲ್ಲಿ ಅಜಗಜಾಂತರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಬೈಕ್ ಬಿದ್ದಿದೆಯಾ ಅಂತ ಕೇಳುವುದು ದಂಡ. ಮಣ್ಣಿಗೆ ಇಳಿದಿದ್ದರೆ ಬಿದ್ದೇ ಇರುತ್ತದೆ, ಅದಕ್ಕೇ ಮಾಡಿದ ಬೈಕ್ ಅದು. ಬಿದ್ದು, ಹೊಳೆ ದಾಟಿ, ಕೆಸರು ಮೆತ್ತಿಕೊಂಡು ಮನೆಗೆ ಬಂದ ಮೇಲೆ ಓನರ್ ಏನು ಮಾಡಿದರು? ತೊಳೆದು, ಬಿಚ್ಚಿಸಿ, ಗ್ರೀಸ್ ಹಾಕಿಸಿದರಾ, ಅಥವಾ ಹಾಗೇ ಕವರ್ ಮುಚ್ಚಿ ನಿಲ್ಲಿಸಿದರಾ? ನೀವು ಪತ್ತೆ ಹಚ್ಚಬೇಕಾದದ್ದು ಇದನ್ನು. ಗೀರು ಬಿದ್ದ, ಆದರೆ ಬೇರಿಂಗುಗಳಲ್ಲಿ ಹೊಸ ಗ್ರೀಸ್ ಇರುವ ಬೈಕನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ, ಪಕ್ಕದಲ್ಲಿ ಫಳಫಳ ಪಾಲಿಶ್ ಹೊಡೆದದ್ದು ನಿಂತಿದ್ದರೂ ಸರಿ.

ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಜಾಸ್ತಿ ಸಿಗುವುದು ಎರಡು. ಒಂದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಇನ್ನೊಂದು ಹೀರೋ ಎಕ್ಸ್‌ಪಲ್ಸ್ 200. ಹಾಗಾಗಿ ಇವೆರಡನ್ನೇ ಇಟ್ಟುಕೊಂಡು ಮಾತಾಡೋಣ.

ಹಿಮಾಲಯನ್ 2016ರಲ್ಲಿ ಬಂತು. ಮೊದಲನೆಯದು ಪೆಟ್ರೋಲನ್ನು ಗಾಳಿಗೆ ಬೆರೆಸಲು ಹಳೆಯ ಕಾಲದ ಕಾರ್ಬ್ಯುರೇಟರ್ ಇದ್ದ ಬಿಎಸ್3 ಮಾಡೆಲ್. ಬಿಎಸ್ ಅಂದರೆ ಹೊಗೆ ಮಾಲಿನ್ಯಕ್ಕೆ ಸರ್ಕಾರ ಇಟ್ಟ ಮಟ್ಟ, ಅಂಕಿ ಏರಿದಷ್ಟೂ ನಿಯಮ ಬಿಗಿ. 2017ರಲ್ಲಿ ಬಿಎಸ್4 ಆಗಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂತು, 2018ರಲ್ಲಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, 2020ರಲ್ಲಿ ಬಿಎಸ್6. 2023ರ ಕೊನೆಗೆ ಹೊಸ 450 ಬಂದ ಮೇಲೆ 411 ನಿಂತುಹೋಯಿತು. ಬಿಎಸ್3 ಹಿಮಾಲಯನ್ ಬಗ್ಗೆ ಆಗಲೇ ಓನರುಗಳ ದೂರು ಸಾಕಷ್ಟಿತ್ತು. ರೇಟು ಕಡಿಮೆ ಅಂತ ಮೊದಲ ಸಲ ಇಂಥ ಬೈಕ್ ಕೊಳ್ಳುವವರು ಅದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ನನ್ನ ಲೆಕ್ಕದಲ್ಲಿ 2018ರ ಎಬಿಎಸ್ ಮಾಡೆಲಿನಿಂದ ಈಚೆಗಿನದ್ದು ನೋಡಿ. ಎಕ್ಸ್‌ಪಲ್ಸ್ ಬಂದದ್ದು 2019ರ ಮೇ ತಿಂಗಳಲ್ಲಿ. ಬಿಎಸ್4ನಲ್ಲಿ ಕಾರ್ಬ್ಯುರೇಟರ್ ಇರುವುದೂ ಇದೆ, ಇಂಜೆಕ್ಷನ್ ಇರುವುದೂ ಇದೆ. ಕೇಳಿಕೊಂಡೇ ಹೋಗಿ. 2020ರಲ್ಲಿ ಬಿಎಸ್6 ಆದಾಗ ಆಯಿಲ್ ಕೂಲರ್ ಸೇರಿತು, 2021ರ ಅಕ್ಟೋಬರಿನಲ್ಲಿ ನಾಲ್ಕು ವಾಲ್ವಿನ 4ವಿ ಬಂತು. ಇನ್ನೊಂದು ಎಚ್ಚರಿಕೆ. ಎಕ್ಸ್‌ಪಲ್ಸ್ 200ಟಿ ಅನ್ನುವುದು ಬೇರೆ ಬೈಕ್, ಅಲಾಯ್ ಚಕ್ರದ ರಸ್ತೆ ಬೈಕ್. ಹಾಗೇ ಹಿಮಾಲಯನ್‌ನದ್ದೇ ಇನ್ನೊಂದು ರೂಪವಾದ ಸ್ಕ್ರಾಮ್ 411ಕ್ಕೆ ಮುಂದೆ 19 ಇಂಚಿನ ಚಕ್ರ. ಮಣ್ಣಿಗೆ ಬೇಕು ಅಂದರೆ ಮುಂದೆ 21 ಇಂಚಿನ ಚಕ್ರ ಇರುವುದನ್ನೇ ನೋಡಿ.

ಬೈಕ್ ನೋಡಲು ಹೋಗುವ ಮುಂಚೆ ನಿಮ್ಮ ಮೈಕಟ್ಟಿಗೆ ಯಾವುದು ಅಂತ ಯೋಚಿಸಿ. ಸೀಟಿನ ಎತ್ತರ ಹಿಮಾಲಯನ್‌ಗೆ 800 ಮಿಲಿಮೀಟರ್, ಎಕ್ಸ್‌ಪಲ್ಸ್‌ಗೆ 823. ತೂಕ ಉಲ್ಟಾ. ಬಿಎಸ್6 ಹಿಮಾಲಯನ್ 199 ಕೆಜಿ, ಎಕ್ಸ್‌ಪಲ್ಸ್ ಅದಕ್ಕಿಂತ ಸುಮಾರು 40 ಕೆಜಿ ಹಗುರ. ಕಾಡುದಾರಿಯಲ್ಲಿ ಒಬ್ಬರೇ ಇದ್ದಾಗ ಬಿದ್ದ ಬೈಕ್ ಎತ್ತಲೇಬೇಕಲ್ವಾ, ಆಗ ಈ 40 ಕೆಜಿ ಅಂದರೆ ಏನು ಅಂತ ಗೊತ್ತಾಗುತ್ತದೆ. ಹೈವೇಯಲ್ಲಿ ಲಗೇಜು ಹೇರಿಕೊಂಡು ದೂರ ಹೋಗುವವರಿಗೆ ಹಿಮಾಲಯನ್, ತೋಟದ ದಾರಿ ಗುಡ್ಡದ ದಾರಿಯಲ್ಲಿ ಆಡುವವರಿಗೆ ಎಕ್ಸ್‌ಪಲ್ಸ್ ಅನ್ನುವುದು ನನ್ನ ಅಂದಾಜು.

ಸರಿ, ಈಗ ಬೈಕಿನ ಹತ್ತಿರ ಹೋಗೋಣ. ಮಾರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳಿಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವ ಬೈಕ್, ಬಿಸಿಯಾದ ಮೇಲೆ ಒಳ್ಳೆಯ ಹುಡುಗನ ಥರ ನಿಂತುಬಿಡುತ್ತದೆ. ಹಗಲು ಹೊತ್ತಿನಲ್ಲೇ ಹೋಗಿ, ಬೇಸ್‌ಮೆಂಟಿನಿಂದ ಬಿಸಿಲಿಗೆ ತರಿಸಿ. ಜೊತೆಗೆ ಒಬ್ಬರು ಬೇಕು, ಕೆಲವು ಪರೀಕ್ಷೆಗಳನ್ನು ಒಂಟಿಯಾಗಿ ಮಾಡಲಾಗುವುದಿಲ್ಲ. ಒಂದು ಟಾರ್ಚು, ಒಂದು ಸಣ್ಣ ಸ್ಪ್ಯಾನರು, ಒರೆಸುವ ಬಟ್ಟೆ ಇಟ್ಟುಕೊಳ್ಳಿ.

ಮೊದಲು ಮುಂದಿನ ಭಾಗ. ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ, ಮಣ್ಣಿನ ಕಥೆ ಮೊದಲು ಬರೆಯುವುದು ಇಲ್ಲೇ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತದೆ, ಗ್ಯಾರೇಜಿನಲ್ಲಿ ಕೋನ್ ಸೆಟ್ ಅನ್ನುತ್ತಾರೆ. ಗುಂಡಿ, ಕಲ್ಲು, ಜಿಗಿತ, ಎಲ್ಲದರ ಏಟೂ ಮುಂದಿನ ಚಕ್ರದಿಂದ, ಅದನ್ನು ಹಿಡಿದಿರುವ ಎರಡು ಪೈಪಿನ ಶಾಕ್ ಅಂದರೆ ಫೋರ್ಕ್ ಹತ್ತಿ ಕೊನೆಗೆ ಬಂದು ಬೀಳುವುದು ಇದರ ಮೇಲೆ. ಜೊತೆಗೆ ಬೈಕ್ ತೊಳೆಯುವ ಪ್ರೆಶರ್ ಪೈಪಿನ ನೀರು ಇಲ್ಲಿಗೇ ನುಗ್ಗಿ ಗ್ರೀಸ್ ತೊಳೆದುಹಾಕುತ್ತದೆ. ಹಿಮಾಲಯನ್‌ಗೆ ಸೆಂಟರ್ ಸ್ಟ್ಯಾಂಡ್ ಕಂಪನಿಯಿಂದಲೇ ಬರುತ್ತದೆ. ಸ್ಟ್ಯಾಂಡ್ ಹಾಕಿ, ಜೊತೆಗಿರುವವರಿಗೆ ಹಿಂದೆ ಒತ್ತಿ ಹಿಡಿಯಲು ಹೇಳಿ, ಮುಂದಿನ ಚಕ್ರ ನೆಲ ಬಿಡುತ್ತದೆ. ಎಕ್ಸ್‌ಪಲ್ಸ್ ಆದರೆ ಬಲವಾದ ಇಟ್ಟಿಗೆಯೋ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡೋ ಬೇಕು, ಅಥವಾ ಗ್ಯಾರೇಜಿಗೆ ತಗೊಂಡು ಹೋಗಿ ಮಾಡಿಸಿ.

ಈಗ ಹ್ಯಾಂಡಲನ್ನು ಎರಡೇ ಬೆರಳಿನಲ್ಲಿ ಹಿಡಿದು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನಕ್ಕೆ ತಿರುಗಿಸಿ. ಬೆಣ್ಣೆಯಲ್ಲಿ ಆಡಿದ ಹಾಗೆ ಆಡಬೇಕು. ನಡುವೆ, ಚಕ್ರ ನೇರ ಇರುವ ಜಾಗದಲ್ಲಿ, ಸಣ್ಣ ಗುಳಿಯಲ್ಲಿ ಬಿದ್ದ ಹಾಗೆ ಟಕ್ ಅಂತ ನಿಂತರೆ ಕೋನ್ ಸೆಟ್ ಹೋಗಿದೆ. ಇದು ಕಣ್ಣಿಗೆ ಕಾಣುವುದಿಲ್ಲ, ಸೌಂಡೂ ಬರುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕಟಕ ಆಡಿದರೆ ಸಡಿಲ ಆಗಿದೆ. ಹಿಮಾಲಯನ್‌ನಲ್ಲಿ ಇದು ಬಹಳ ಸಾಮಾನ್ಯ. ಹೆದರಬೇಕಿಲ್ಲ, ಕೋನ್ ಸೆಟ್ ಬದಲಾಯಿಸಬಹುದು, ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ. ನನಗೆ ಇದು ಮುಖ್ಯ ಆಗುವುದು ಬೇರೆ ಕಾರಣಕ್ಕೆ. ಇಲ್ಲಿ ಗ್ರೀಸ್ ಕಾಣದ ಬೈಕಿಗೆ ಬೇರೆ ಎಲ್ಲೂ ಗ್ರೀಸ್ ಕಂಡಿರುವುದಿಲ್ಲ.

ಫೋರ್ಕ್ ಪೈಪಿನ ಮೇಲೆ ರಬ್ಬರ್ ಬೂಟು ಇದ್ದರೆ ಅದನ್ನು ಮೇಲಕ್ಕೆ ಎತ್ತಿ. ಎಷ್ಟೋ ಜನ ಈ ಬೂಟು ಇದೆಯಲ್ಲ, ಪೈಪ್ ಸೇಫ್ ಅಂದುಕೊಳ್ಳುತ್ತಾರೆ. ಆದರೆ ಒಳಗೆ ಹೊಕ್ಕ ಕೆಸರು ಹೊರಗೆ ಬರಲು ದಾರಿ ಇರುವುದಿಲ್ಲ. ಪ್ರತಿ ಸಲ ಫೋರ್ಕ್ ಕುಗ್ಗಿದಾಗಲೂ ಆ ಮಣ್ಣು ಪೈಪನ್ನು ಉಜ್ಜುತ್ತದೆ. ಪೈಪಿನ ಸುತ್ತ ಉಗುರು ಓಡಿಸಿ. ಎಲ್ಲಾದರೂ ತಡೆದರೆ, ತುಕ್ಕಿನ ಚುಕ್ಕೆ ಸಿಕ್ಕರೆ, ಆಯಿಲ್ ಸೀಲ್ ಎಷ್ಟು ಸಲ ಹಾಕಿಸಿದರೂ ಹರಿಯುತ್ತಲೇ ಇರುತ್ತದೆ. ಬರೀ ಎಣ್ಣೆ ಪಸೆ ಇದ್ದು ಪೈಪ್ ನುಣ್ಣಗಿದ್ದರೆ ಸೀಲ್ ಬದಲಾಯಿಸಿದರೆ ಮುಗಿಯಿತು. ಎರಡಕ್ಕೂ ಖರ್ಚಿನಲ್ಲಿ ತುಂಬ ವ್ಯತ್ಯಾಸ ಇದೆ.

ಬೈಕಿನ ಮುಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿ. ಚಕ್ರ ನೇರ ಇದ್ದಾಗ ಹ್ಯಾಂಡಲ್ ಸೊಟ್ಟ ಇದೆಯಾ? ಮಣ್ಣಿನಲ್ಲಿ ಬಿದ್ದ ಬೈಕಿಗೆ ಇದು ಆಗುತ್ತದೆ. ಕೆಲವು ಸಲ ಫೋರ್ಕ್ ಕ್ಲ್ಯಾಂಪಿನೊಳಗೆ ಸ್ವಲ್ಪ ತಿರುಚಿಕೊಂಡಿರುತ್ತದೆ ಅಷ್ಟೇ, ಬೋಲ್ಟ್ ಸಡಿಲ ಮಾಡಿ ಸರಿಮಾಡಬಹುದು. ಆದರೆ ಪೈಪೇ ಬೆಂಡ್ ಆಗಿದ್ದರೆ ಆ ಬೈಕ್ ಬೇಡ.

ಚಕ್ರಕ್ಕೆ ಬನ್ನಿ. ಎರಡರಲ್ಲೂ ಸ್ಪೋಕ್ ಚಕ್ರ, ಟ್ಯೂಬ್ ಟೈರ್. ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕ್ ತಟ್ಟುತ್ತಾ ಹೋಗಿ. ಬಿಗಿ ಇರುವುದು ಟಿಣ್ ಅನ್ನುತ್ತದೆ, ಸಡಿಲ ಇರುವುದು ಡಬ್ ಅನ್ನುತ್ತದೆ. ಒಂದೆರಡು ಸಡಿಲ ಇದ್ದರೆ ಪರವಾಗಿಲ್ಲ, ಸಾಲಾಗಿ ನಾಲ್ಕೈದು ಡಬ್ ಅಂದರೆ ಆ ಚಕ್ರವನ್ನು ಬಹಳ ದಿನದಿಂದ ಯಾರೂ ಮುಟ್ಟಿಲ್ಲ. ಚಕ್ರ ಎತ್ತಿ ತಿರುಗಿಸಿ, ರಿಮ್ಮಿನ ಹತ್ತಿರ ಬೇರೆ ಒಂದು ಸಣ್ಣ ಕೋಲು ಹಿಡಿದು ನೋಡಿ. ಪಕ್ಕಕ್ಕೆ ಓಲಾಡುತ್ತಿದ್ದರೆ ಸ್ಪೋಕ್ ಬಿಗಿ ಹೊಂದಿಸಿ ನೇರ ಮಾಡಿಸಬಹುದು, ಇದಕ್ಕೆ ಟ್ರೂಯಿಂಗ್ ಅನ್ನುತ್ತಾರೆ. ಒಂದೇ ಕಡೆ ತಗ್ಗಿದರೆ ರಿಮ್ಮಿಗೆ ಕಲ್ಲಿನ ಏಟು ಬಿದ್ದಿದೆ. ಮಂಗಳೂರು, ಕಾರವಾರ ಕಡೆಯ ಬೈಕ್ ಆದರೆ ಸ್ಪೋಕ್ ರಿಮ್ಮಿಗೆ ಸೇರುವ ನಿಪ್ಪಲ್ಲುಗಳನ್ನು ಟಾರ್ಚ್ ಬಿಟ್ಟು ನೋಡಿ. ಕಡಲಗಾಳಿಯ ಉಪ್ಪಿಗೆ ಅಲ್ಲಿ ಕಚ್ಚಿಕೊಂಡ ತುಕ್ಕು ಎಂಥ ಸ್ಪ್ಯಾನರಿಗೂ ಜಗ್ಗುವುದಿಲ್ಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ವೀಲ್ ಬೇರಿಂಗಿನ ಆಟ ತಿಳಿಯುತ್ತದೆ. ಹೊಳೆ ದಾಟಿದ ಬೈಕುಗಳಲ್ಲಿ ಇದೂ ಬೇಗ ಹೋಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2321 ಅಂದರೆ 2021ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಚೆನ್ನಾಗಿದ್ದರೂ ಐದಾರು ವರ್ಷ ಹಳೆಯದಾಗಿದ್ದರೆ ರಬ್ಬರ್ ಕಲ್ಲಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ.

ಹಿಂದೆ ಹೋಗೋಣ. ಹಿಮಾಲಯನ್‌ನ ಹಿಂದಿನ ಒಂಟಿ ಶಾಕಿಗೆ, ಅಂದರೆ ಮೊನೋಶಾಕಿಗೆ, ಕೆಳಗಡೆ ಅದನ್ನು ಚಕ್ರದ ತೋಳಿಗೆ ಜೋಡಿಸುವ ಒಂದು ಲಿಂಕೇಜ್ ಇದೆ, ಅದರಲ್ಲಿ ಸಣ್ಣ ಸಣ್ಣ ಬೇರಿಂಗುಗಳು. ಇಡೀ ಬೈಕಿನಲ್ಲಿ ಕೆಸರು ಮೊದಲು ಬಡಿಯುವ ಜಾಗ ಅದು, ಕೊನೆಗೆ ನೆನಪಾಗುವ ಜಾಗವೂ ಅದೇ. ಬಿಚ್ಚಿ ಗ್ರೀಸ್ ಹಾಕುವುದು ಸ್ವಲ್ಪ ಕೆಲಸದ ವಿಷಯ, ಹಾಗಾಗಿ ಮಾಮೂಲಿ ಸರ್ವಿಸಿನಲ್ಲಿ ಅದನ್ನು ಯಾರೂ ಮುಟ್ಟಲು ಹೋಗುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಮೇಲಕ್ಕೆ ಎತ್ತಿ ಬಿಡಿ. ಶಾಕ್ ಕುಗ್ಗುವ ಮುಂಚೆಯೇ ಒಂದು ಟಕ್ ಕೇಳಿದರೆ ಲಿಂಕೇಜಿನಲ್ಲಿ ಆಟ ಬಂದಿದೆ. ಆಮೇಲೆ ಚಕ್ರವನ್ನು ಎಡಕ್ಕೆ ಬಲಕ್ಕೆ ಎಳೆಯಿರಿ, ಆ ತೋಳಿನ, ಅಂದರೆ ಸ್ವಿಂಗ್ ಆರ್ಮಿನ ಬುಷ್ ಸವೆದಿದೆಯಾ ಗೊತ್ತಾಗುತ್ತದೆ. ಈ ಲಿಂಕೇಜನ್ನು ಯಾವಾಗ ಬಿಚ್ಚಿಸಿದ್ದಿರಿ ಅಂತ ಓನರನ್ನು ಕೇಳಿ ನೋಡಿ. ಲಿಂಕೇಜ್ ಅಂದರೆ ಯಾವುದು ಅಂತ ಅವರೇ ವಾಪಸ್ ಕೇಳಿದರೆ ಉತ್ತರ ಸಿಕ್ಕಿತು. ಹೋದ ಮಳೆಗಾಲ ಆದ ಮೇಲೆ ಮಾಡಿಸಿದೆ, ಬಿಲ್ ಇದೆ ಅಂದರೆ ಅವರ ಕೈಯಿಂದ ಬೈಕ್ ತಗೊಳ್ಳಲು ನನಗೆ ಖುಷಿ.

ಚೈನನ್ನು ಹಿಂದಿನ ಸ್ಪ್ರಾಕೆಟಿನ ಹಿಂಬದಿಯಲ್ಲಿ ಹಿಡಿದು ಹೊರಗೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಜಾಗ ಬಿಟ್ಟುಕೊಂಡರೆ, ಹಲ್ಲುಗಳು ಒಂದೇ ಕಡೆಗೆ ಬಾಗಿದ್ದರೆ, ಪೂರ್ತಿ ಚೈನ್ ಸೆಟ್ ಬದಲಾಯಿಸಬೇಕು. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಉಗುರು ಇಟ್ಟರೆ ಏಣು ಸಿಗುತ್ತದೆಯಾ ನೋಡಿ. ಮಣ್ಣು ಬ್ರೇಕ್ ಪ್ಯಾಡನ್ನು ಬಹಳ ಬೇಗ ತಿನ್ನುತ್ತದೆ, ಪ್ಯಾಡ್ ಮುಗಿದ ಮೇಲೂ ಓಡಿಸಿದರೆ ಡಿಸ್ಕನ್ನೂ ತಿನ್ನುತ್ತದೆ.

ಇನ್ನು ಬೈಕಿನ ಹೊಟ್ಟೆ ಕೆಳಗೆ ಮಲಗಿ ನೋಡಬೇಕು. ಬಟ್ಟೆ ಕೊಳೆಯಾದರೆ ಆಗಲಿ. ಇಂಜಿನ್ ಕೆಳಗಿನ ಬ್ಯಾಶ್ ಪ್ಲೇಟಿನ ಮೇಲೆ ಗೀರುಗಳು ಇದ್ದೇ ಇರುತ್ತವೆ, ಅದು ಅದರ ಕೆಲಸ. ಆದರೆ ಪ್ಲೇಟು ಒಳಗೆ ತಗ್ಗಿ ಇಂಜಿನ್ನಿಗೆ ತಾಗಿದೆಯಾ? ಡ್ರೈನ್ ಬೋಲ್ಟಿನ ಸುತ್ತ ಎಣ್ಣೆ ಇದೆಯಾ? ಎಲ್ಲಾದರೂ ಎಂ-ಸೀಲ್ ಮೆತ್ತಿದ್ದಾರಾ? ಇಂಜಿನ್ ಕೇಸಿನ ಮೇಲೆ ಎಂ-ಸೀಲ್ ಕಂಡರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಮುಂದಿನ ಆಯಿಲ್ ಕೂಲರಿಗೆ ಕಲ್ಲು ಹೊಡೆದು ಪಸೆ ಬರುತ್ತಿದೆಯಾ ಅದನ್ನೂ ನೋಡಿ.

ಹಾಗೇ ಫ್ರೇಮ್. ಹ್ಯಾಂಡಲ್ ಕೆಳಗೆ ಫ್ರೇಮಿನ ಪೈಪುಗಳು ಸೇರುವ ಜಾಗ, ಫುಟ್‌ರೆಸ್ಟ್ ಕೂರುವ ಜಾಗ, ಸೈಡ್ ಸ್ಟ್ಯಾಂಡಿನ ಬುಡ, ಹಿಂದಿನ ಲಗೇಜ್ ಕ್ಯಾರಿಯರ್ ಬೋಲ್ಟ್ ಆಗುವ ಜಾಗ. ಈ ನಾಲ್ಕು ಕಡೆ ಟಾರ್ಚ್ ಬಿಡಿ. ಪೇಂಟ್ ಸುಕ್ಕುಗಟ್ಟಿದ್ದರೆ, ಕೂದಲೆಳೆಯಷ್ಟು ಬಿರುಕು ಇದ್ದರೆ, ಅಥವಾ ಅಷ್ಟು ಜಾಗಕ್ಕೆ ಮಾತ್ರ ಹೊಸ ಕಪ್ಪು ಪೇಂಟ್ ಹೊಡೆದಿದ್ದರೆ ಅನುಮಾನ ಪಡಿ. ಕಂಪನಿ ವೆಲ್ಡಿಂಗ್ ಎಲ್ಲ ಕಡೆ ಒಂದೇ ಥರ ಇರುತ್ತದೆ. ಗ್ಯಾರೇಜ್ ವೆಲ್ಡಿಂಗ್ ಉಂಡೆಯುಂಡೆಯಾಗಿ ಬೇರೆಯೇ ಕಾಣುತ್ತದೆ. ಫ್ರೇಮಿಗೆ ವೆಲ್ಡಿಂಗ್ ಆದ ಬೈಕ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಗೀರುಗಳನ್ನು ಓದುವುದೂ ಒಂದು ವಿದ್ಯೆ. ಕೆಸರಲ್ಲಿ ನಿಂತಲ್ಲೇ ಮಗುಚಿದ ಬೈಕಿಗೆ ಹ್ಯಾಂಡಲ್ ತುದಿ, ಲಿವರ್ ತುದಿ, ಕ್ರ್ಯಾಶ್ ಗಾರ್ಡಿನ ಮೇಲೆ ಅಡ್ಡಾದಿಡ್ಡಿ ಸಣ್ಣ ಗುರುತು ಇರುತ್ತದೆ. ಅದು ಲೆಕ್ಕಕ್ಕಿಲ್ಲ. ಟಾರ್ ರಸ್ತೆಯಲ್ಲಿ ವೇಗದಲ್ಲಿ ಬಿದ್ದು ಜಾರಿದ ಬೈಕಿಗೆ ಒಂದೇ ದಿಕ್ಕಿನಲ್ಲಿ ಉದ್ದುದ್ದ ಗೆರೆ ಬೀಳುತ್ತದೆ, ಫುಟ್‌ರೆಸ್ಟ್ ತುದಿ ಓರೆಯಾಗಿ ಅರೆದುಹೋಗಿರುತ್ತದೆ, ಸೈಲೆನ್ಸರಿನ ಒಂದು ಬದಿ ಸಪಾಟಾಗಿರುತ್ತದೆ. ಅಂಥದ್ದು ಕಂಡರೆ ಫೋರ್ಕನ್ನೂ ಫ್ರೇಮನ್ನೂ ಇನ್ನೊಂದು ಸಲ ನೋಡಿ.

ಈಗ ಇಂಜಿನ್. ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಮೈ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡಿದ ಬೈಕಿಗೆ ಮುಚ್ಚಳದ ಅಂಚಿನಲ್ಲಿ ಒಂಚೂರು ಬರುತ್ತದೆ, ಅದು ಬೇರೆ. ಒಳಗಿನ ಆಯಿಲೇ ಆ ಬಣ್ಣ ಇದ್ದರೆ ಹೊಳೆಯಲ್ಲಿ ಮುಳುಗಿ ಎದ್ದ ಬೈಕ್ ಇರಬಹುದು.

ಆಮೇಲೆ ಏರ್ ಫಿಲ್ಟರ್ ಬಾಕ್ಸ್ ತೆಗೆಸಿ. ಮಾರುವವರು ಗೊಣಗಬಹುದು, ಬಿಡಬೇಡಿ. ಫಿಲ್ಟರ್ ಕೊಳೆಯಾಗಿದ್ದರೆ ಏನೂ ತೊಂದರೆ ಇಲ್ಲ, ಅದು ಇರುವುದೇ ಕೊಳೆ ಹಿಡಿಯಲು. ಫಿಲ್ಟರಿನ ಆಚೆ ಬದಿ, ಇಂಜಿನ್ ಉಸಿರು ಎಳೆಯುವ ಕಡೆ, ಬೆರಳು ಹಾಕಿ ಒರೆಸಿ. ಬೆರಳು ಶುಭ್ರವಾಗಿ ಬರಬೇಕು. ಕೆಂಪು ಧೂಳು ಅಂಟಿದರೆ ಆ ಧೂಳು ಫಿಲ್ಟರ್ ದಾಟಿ ಇಂಜಿನ್ ಒಳಗೂ ಹೋಗಿದೆ, ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಒಳಗೋಡೆಯನ್ನೂ ಮರಳು ಕಾಗದದಂತೆ ತಿಕ್ಕಿದೆ ಅಂತ ಅರ್ಥ. ಮೀಟರಿನಲ್ಲಿ ಎಷ್ಟೇ ಕಡಿಮೆ ಇರಲಿ, ಆ ಇಂಜಿನ್ನಿಗೆ ವಯಸ್ಸಾಗಿದೆ. ಬಳ್ಳಾರಿ ಸಂಡೂರು ಕಡೆಯ ಅದಿರು ಧೂಳಿನಲ್ಲಿ ಓಡಿದ ಬೈಕ್ ಆದರೆ ಇದನ್ನು ನೋಡದೆ ತಗೊಳ್ಳಲೇಬೇಡಿ.

ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹಿಂದೆ ನಿಮ್ಮವರನ್ನು ನಿಲ್ಲಿಸಿ. ತಣ್ಣಗಿದ್ದಾಗ ಬರುವ ಬಿಳಿ ಹಬೆ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ತಣ್ಣನೆಯ ಇಂಜಿನ್ನಿನಲ್ಲಿ ವಾಲ್ವ್ ಒತ್ತುವ ಟ್ಯಾಪೆಟ್ಟಿನ ಟಿಕಿಟಿಕಿ ಇರುವುದು ಗಾಳಿಯಿಂದ ತಣಿಯುವ ಇಂಜಿನ್ನಿನ ಸ್ವಭಾವ, ಹಿಮಾಲಯನ್‌ನಲ್ಲಿ ಸ್ವಲ್ಪ ಜಾಸ್ತಿಯೇ. ಆಳದಿಂದ ಬರುವ ಡುಗುಡುಗು ಬಡಿತ ಮಾತ್ರ ಒಳ್ಳೆಯದಲ್ಲ. ಭೇದ ಗೊತ್ತಾಗದಿದ್ದರೆ ಅದೇ ಮಾಡೆಲಿನ ಇನ್ನೊಂದು ಬೈಕಿನ ಸೌಂಡ್ ಮೊದಲೇ ಕೇಳಿಕೊಂಡು ಹೋಗಿ.

ಕೀ ಹಾಕಿದಾಗ ಎಬಿಎಸ್ ಲೈಟು, ಇಂಜಿನ್ ಲೈಟು ಎರಡೂ ಹತ್ತಬೇಕು. ಇಂಜಿನ್ ಲೈಟ್ ಸ್ಟಾರ್ಟ್ ಆದ ಮೇಲೆ, ಎಬಿಎಸ್ ಲೈಟ್ ಬೈಕ್ ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಹತ್ತಿದ್ದು ಆರದಿದ್ದರೂ ತೊಂದರೆ, ಹತ್ತದೇ ಇದ್ದರೂ ತೊಂದರೆ. ಸೀಟ್ ತೆಗೆದು ವೈರಿಂಗ್ ನೋಡಿ. ಫಾಗ್ ಲೈಟು, ಚಾರ್ಜರು ಅಂತ ಸಿಕ್ಕಸಿಕ್ಕಲ್ಲಿ ವೈರ್ ಸುಲಿದು ಟೇಪ್ ಸುತ್ತಿದ್ದರೆ ಮುಂದೊಂದು ದಿನ ನಡುಕಾಡಿನಲ್ಲಿ ಬೈಕ್ ನಿಲ್ಲುವುದು ಅಲ್ಲಿಂದಲೇ.

ಸೀಟ್ ತೆಗೆದಾಗಲೇ ಬ್ಯಾಟರಿ ತಟ್ಟೆಯ ಮೂಲೆ, ಟೂಲ್ ಕಿಟ್, ಕನೆಕ್ಟರುಗಳ ಸಂದು ನೋಡಿ. ನುಣುಪಾದ ಒಣ ಹೂಳು ಕೂತಿದ್ದರೆ ಅದು ದಾರಿಯ ಕೆಸರಲ್ಲ, ನಿಂತ ನೀರು ಬಿಟ್ಟುಹೋದದ್ದು. 2018ರ ಆಗಸ್ಟಿನಲ್ಲಿ ಕೊಡಗು ಕೇರಳದಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರಸ್ತೆ ಕಡೆ, 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಎಷ್ಟು ಗಾಡಿಗಳು ನೀರಲ್ಲಿ ನಿಂತವು ಅಂತ ನೋಡಿದ್ದೇವೆ. ಅವುಗಳಲ್ಲಿ ಕೆಲವಾದರೂ ತೊಳೆದು ಒರೆಸಿ ಮಾರಾಟಕ್ಕೆ ಬಂದಿರುತ್ತವೆ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಬಗೆ ಇದೆ, ಬೆಂಗಳೂರಿನಲ್ಲಿ ತುಂಬಾ ಸಿಗುತ್ತದೆ. ಲಡಾಖಿಗೆ ಹೋಗಬೇಕು ಅಂತ ಆಸೆಯಿಂದ ತಗೊಂಡು, ಮದುವೆ ಮಕ್ಕಳು ಕೆಲಸ ಅಂತ ಹೋಗಲಾಗದೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತೇ ಇದ್ದ ಬೈಕ್. ನಾಲ್ಕು ವರ್ಷಕ್ಕೆ 4,000 ಕಿಲೋಮೀಟರ್. ಕೇಳಲು ಚೆನ್ನಾಗಿರುತ್ತದೆ. ಆದರೆ ನಿಂತ ಬೈಕಿನ ರೋಗಗಳೇ ಬೇರೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ತೇವ ಎಳೆಯುತ್ತದೆ. ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ಒಳಗೆ ತುಕ್ಕು ಹಿಡಿಯುತ್ತದೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ರಬ್ಬರ್ ಸೀಲುಗಳು ಒಣಗಿರುತ್ತವೆ, ಬ್ಯಾಟರಿ ಸತ್ತಿರುತ್ತದೆ. ಒಳ್ಳೆಯ ರೇಟಿಗೆ ಬಂದರೆ ಇಂಥದ್ದನ್ನು ತಗೊಳ್ಳಬಹುದು, ಇವೆಲ್ಲ ಸರಿಪಡಿಸುವಂಥವು. ಕಡಿಮೆ ಓಡಿದೆ ಅಂತ ಜಾಸ್ತಿ ದುಡ್ಡು ಮಾತ್ರ ಕೊಡಬೇಡಿ.

ಮೀಟರಿನ ಅಂಕಿ ನಿಜವಾ ಅಂತ ಬೇರೆ ಕಡೆಯಿಂದ ತಾಳೆ ನೋಡಿ. ಹ್ಯಾಂಡಲ್ ಗ್ರಿಪ್ಪಿನ ಗೆರೆಗಳು ಸವೆದು ನುಣ್ಣಗಾಗಿದ್ದು, ಗೇರ್ ಲಿವರಿನ ರಬ್ಬರ್ ತೂತು ಬಿದ್ದಿದ್ದು, ಮೀಟರಿನಲ್ಲಿ ಮಾತ್ರ 9,000 ಅಂತಿದ್ದರೆ ನಂಬಬೇಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬೈಕಿನ ನಂಬರಿನ ಮೇಲೆ ಪ್ರತಿ ಸರ್ವಿಸಿನ ಕಿಲೋಮೀಟರ್ ದಾಖಲಾಗಿರುತ್ತದೆ. ಓನರನ್ನೇ ಕರೆದುಕೊಂಡು ಹೋಗಿ ತೆಗೆಸಿ.

ಓಡಿಸಿ ನೋಡುವಾಗ ಬರೀ ಟಾರ್ ರಸ್ತೆಯಲ್ಲಿ ಹೋಗಿ ಬರಬೇಡಿ. ಹತ್ತಿರದಲ್ಲಿ ಗುಂಡಿ ಬಿದ್ದ ರಸ್ತೆ ಎಲ್ಲಿ ಬೇಕಾದರೂ ಸಿಗುತ್ತದೆ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಮೆಲ್ಲಗೆ ಅದರ ಮೇಲೆ ಹೋಗಿ. ಪಾದಕ್ಕೆ, ಕೈಗೆ ಬರುವ ಪ್ರತಿ ಟಕ್ಕನ್ನೂ ಗಮನಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ಟಾಪ್ ಗೇರಿಗೆ ಹಾಕಿ ಥ್ರಾಟಲ್ ಪೂರ್ತಿ ಕೊಡಿ. ಇಂಜಿನ್ ಕಿರುಚಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಗುಡ್ಡದಲ್ಲಿ, ಕೆಸರಲ್ಲಿ ಅರ್ಧ ಕ್ಲಚ್ಚಿನಲ್ಲೇ ಓಡಿಸಿದ ಬೈಕಿಗೆ ಇದು ಮಾಮೂಲು. ಹ್ಯಾಂಡಲನ್ನು ಹಗುರಾಗಿ ಹಿಡಿದಾಗ ಬೈಕ್ ಒಂದು ಕಡೆಗೆ ಎಳೆಯಬಾರದು. ಕೊನೆಗೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ.

ಇಷ್ಟೆಲ್ಲ ನೋಡಿ ಆದ ಮೇಲೆ ಒಂದು ಪಟ್ಟಿ ಮಾಡಿ. ಟೈರ್, ಚೈನ್ ಸೆಟ್, ಕೋನ್ ಸೆಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ಇವುಗಳಲ್ಲಿ ಯಾವ್ಯಾವುದು ತಕ್ಷಣ ಬೇಕು ಅಂತ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ರೇಟು ಕೇಳಿ ಕೂಡಿಸಿ. ಹಾಗೆ ಕೂಡಿಸಿದ್ದನ್ನು ತೋರಿಸಿ ಮಾತಾಡಿದರೆ ಚೌಕಾಸಿ ಜಗಳ ಆಗುವುದಿಲ್ಲ, ಓನರಿಗೂ ನ್ಯಾಯ ಅನ್ನಿಸುತ್ತದೆ. ಎಲ್ಲವೂ ಬೇಕು ಅನ್ನುವ ಬೈಕ್ ಆದರೆ ಮೂಗಿಗಿಂತ ಮೂಗುತಿ ಭಾರ, ಬಿಟ್ಟುಬಿಡಿ.

ಇನ್ನು ಕಾಗದ ಪತ್ರ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ, ಆರ್‌ಸಿ ಜೊತೆ ತಾಳೆ ನೋಡಿ. ಎಷ್ಟನೇ ಓನರ್, ಸಾಲ ಇದೆಯಾ, ಇನ್ಶೂರೆನ್ಸ್ ಎಂದಿನವರೆಗೆ ಇದೆ ಅನ್ನುವುದು ಗೊತ್ತಾಗುತ್ತದೆ. ಚಾಸಿಸ್ ನಂಬರನ್ನು ನೀವೇ ಹ್ಯಾಂಡಲ್ ಕೆಳಗೆ ಫ್ರೇಮಿನ ಮೇಲೆ ಓದಿ, ಉಜ್ಜಿ ಮತ್ತೆ ಹೊಡೆದ ಗುರುತು ಇರಬಾರದು. ಬಾಡಿಗೆಗೆ ಓಡಿದ ಬೈಕಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಅದನ್ನು ಬಿಳಿ ಪ್ಲೇಟಿಗೆ ಬದಲಾಯಿಸಿ ಮಾರುವುದುಂಟು, ಹಳೆಯ ದಾಖಲೆ ಕೇಳಿ ನೋಡಿ. ಬಾಡಿಗೆಯ ಡ್ಯುಯಲ್ ಸ್ಪೋರ್ಟ್ ಬೈಕನ್ನು ಎಷ್ಟೋ ಜನ ಓಡಿಸಿರುತ್ತಾರೆ, ಅದರ ಮೇಲೆ ಕರುಣೆ ತೋರಿಸಿದವರು ಕಡಿಮೆ. ಟ್ರಾಫಿಕ್ ಫೈನ್ ಬಾಕಿ ಇದ್ದರೆ ಮಾರುವವರೇ ಕಟ್ಟಲಿ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿ ಆದ ಬೈಕ್ ಆದರೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ.

ಸಾಲದ ಬೈಕ್ ಆಗಿದ್ದರೆ ಬ್ಯಾಂಕಿನ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಮತ್ತು ಸಾಲದ ನಮೂದನ್ನು ಆರ್‌ಸಿಯಿಂದ ತೆಗೆಸುವ ಫಾರಂ 35 ಬೇಕು. ಸಾಲ ತೀರಿದೆ, ಆರ್‌ಸಿಯಲ್ಲಿ ತೆಗೆಸಿಲ್ಲ ಅಷ್ಟೇ ಅಂತ ಬಾಯಿಮಾತಿಗೆ ಒಪ್ಪಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಬ್ರೋಕರ್ ಕೈಗೆ ಕೊಟ್ಟು ಆಮೇಲೆ ಮಾಡಿಸೋಣ ಅನ್ನುವುದು ಇಬ್ಬರಿಗೂ ಅಪಾಯ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಅಪಘಾತದ ಪರಿಹಾರ ಅವರ ತಲೆಗೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರುವವರಿಗೆ ಇದನ್ನು ತಿಳಿಸಿ, ಅವರೇ ಆರ್‌ಟಿಒಗೆ ಓಡೋಡಿ ಬರುತ್ತಾರೆ. ಬೇರೆ ರಾಜ್ಯದ ಬೈಕ್ ಆದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತಂದು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸಬೇಕು. ಕೇರಳದಲ್ಲೋ ಪುದುಚೇರಿಯಲ್ಲೋ ಅಗ್ಗಕ್ಕೆ ಸಿಕ್ಕಿತು ಅನ್ನುವುದರಲ್ಲಿ ಈ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ.

ಇನ್ಶೂರೆನ್ಸ್ ಬಗ್ಗೆ ಬಹಳ ಜನ ಉದಾಸೀನ ಮಾಡುತ್ತಾರೆ. ಬೈಕ್ ಕೈ ಬದಲಾದ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಲು ಅರ್ಜಿ ಕೊಡಬೇಕು. ಕೊಡದೆ ಬಿಟ್ಟು ಬೈಕ್ ಬಿದ್ದರೆ, ಕಳವಾದರೆ, ನಿಮಗೆ ಹಣ ಸಿಗುವುದು ಕಷ್ಟ. ಕ್ಲೇಮ್ ಮಾಡದ್ದಕ್ಕೆ ಹಳೆಯ ಓನರಿಗೆ ಸಿಕ್ಕ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಿಮಗೆ ಬರುವುದಿಲ್ಲ, ಅದು ಅವರದ್ದು. ಆ ವ್ಯತ್ಯಾಸದ ಹಣವನ್ನು ನೀವು ಕಟ್ಟಬೇಕಾಗುತ್ತದೆ. ದುಡ್ಡು ಕೊಡುವಾಗ ಎರಡನೇ ಕೀ, ಟೂಲ್ ಕಿಟ್, ಸರ್ವಿಸ್ ಬಿಲ್ಲುಗಳನ್ನು ಅಲ್ಲೇ ಕೈಗೆ ಇಸಿದುಕೊಳ್ಳಿ. ಮನೆಗೆ ತಂದ ಮೊದಲ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್ ಬದಲಾಯಿಸಿ, ಕೋನ್ ಸೆಟ್ ಮತ್ತು ಹಿಂದಿನ ಲಿಂಕೇಜ್ ಬಿಚ್ಚಿಸಿ ಗ್ರೀಸ್ ಹಾಕಿಸಿ, ಆ ದಿನದ ಮೀಟರ್ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಡಿ.